ಅತ್ತೆಯ ಪಾಲಿಗೆ ಒಂದು ಅಡ್ಡಗೆರೆ

ಅತ್ತೆಯ ಮಾತಿಗೆ ಎಷ್ಟು ಜಾಗ ಕೊಡಬೇಕು ಎಂದು ತೀರ್ಮಾನಿಸುವ ಅಧಿಕಾರ ಲೋಕದ ಯಾವ ಸೊಸೆಗೂ ಸಿಕ್ಕಿರಲಾರದು. ನನಗೆ ಸಿಕ್ಕಿತು. ಅದೂ ಮೆಗಾಬೈಟಿನ ಲೆಕ್ಕದಲ್ಲಿ. ಅದನ್ನು ನಾನು ಎಷ್ಟು ಚೆಂದವಾಗಿ ಚಲಾಯಿಸಿದೆ ಎಂಬುದನ್ನು ನಮ್ಮ ಮನೆಗೆ ಬಂದುಹೋಗುವವರೆಲ್ಲ ಆಗಲೇ ಕೇಳಿದ್ದಾರೆ, ಹೆಚ್ಚಾಗಿ ನನ್ನ ನಾದಿನಿಯ ಬಾಯಿಂದ. ನನ್ನ ಬಾಯಿಂದಲೂ ಒಮ್ಮೆ ಕೇಳಿದರೆ ನಷ್ಟವಿಲ್ಲ.

ನಾನು ತೂಕದ ಯಂತ್ರ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ತರಕಾರಿ ಅಂಗಡಿಯಲ್ಲಿ ಈರುಳ್ಳಿ ತೂಗಿ, ಬೆಲೆ ತೋರಿಸಿ, ಚೀಟಿ ಹೊರಗೆ ಹಾಕುತ್ತದಲ್ಲ, ಅದೇ ಯಂತ್ರ. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇದೆ. ಆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಕರ್ನಲ್ಲಿಗೆ ಸಂಬಂಧಪಟ್ಟ ತಲೆನೋವುಗಳನ್ನೆಲ್ಲ ನನ್ನ ತಲೆಗೆ ಕಟ್ಟಿದ್ದಾರೆ. ನೆಂಟರು ಯಾರಾದರೂ ಏನು ಕೆಲಸ ಎಂದು ಕೇಳಿದರೆ ನಾನು ಇಷ್ಟನ್ನೂ ಬಿಡಿಸಿ ಹೇಳಲು ಕೂರುತ್ತೇನೆ. ಅವರು ಟೀ ಕುಡಿದು ಲೋಟ ಇಟ್ಟು ಬೇರೆ ಮಾತು ತೆಗೆಯುತ್ತಾರೆ.

ಅತ್ತೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾದವರು. ರೋಗಿಗಳು, ರೋಗಿಗಳ ನೆಂಟರು, ಹೊಸದಾಗಿ ಬಂದ ಡಾಕ್ಟರುಗಳು ಎಲ್ಲರನ್ನೂ ಒಂದೇ ಗಂಟಲಿನಿಂದ ಆಳಿದವರು. ವಾರ್ಡಿನ ಆ ತುದಿಗೆ ಕೇಳಿಸಲಿ ಎಂದು ಬೆಳೆಸಿಕೊಂಡ ಧ್ವನಿ ನಮ್ಮ ಮೂರು ಕೋಣೆಯ ಮನೆಗೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಮದುವೆಯಾದ ಹೊಸದರಲ್ಲಿ ಆ ಧ್ವನಿಗೆ ಬೆಚ್ಚಿ ನಾನು ಕೈಯಲ್ಲಿದ್ದದ್ದನ್ನು ಬೀಳಿಸುತ್ತಿದ್ದೆ. ಆಮೇಲಾಮೇಲೆ ಬೀಳಿಸುವುದು ನಿಂತಿತು, ಕೊನೆಗೆ ಆ ಧ್ವನಿ ಕೇಳದ ದಿನ ಮನೆ ಖಾಲಿ ಅನ್ನಿಸತೊಡಗಿತು.

ಅವರ ಗಂಟಲಲ್ಲಿ ಗಡ್ಡೆ ಇದೆ ಎಂದು ಗೊತ್ತಾದದ್ದು, ಅದನ್ನು ಅವರು ನಮಗೆ ಹೇಳಿದ್ದು ಒಂದೇ ದಿನ. ಡ್ಯೂಟಿ ಮುಗಿಸಿ ಹೋಗುವವರು ಮುಂದಿನವರಿಗೆ ವಿವರ ಒಪ್ಪಿಸುವ ಹಾಗೆ, ಊಟದ ಮೇಜಿನ ಮುಂದೆ ನಿಂತುಕೊಂಡೇ ಹೇಳಿದರು.

"ಧ್ವನಿಪೆಟ್ಟಿಗೆ ಪೂರ್ತಿ ತೆಗೀತಾರೆ. ಆಮೇಲೆ ಮಾತು ಇರಲ್ಲ. ಕುತ್ತಿಗೇಲಿ ಒಂದು ತೂತಿರುತ್ತೆ, ಅದನ್ನ ನೋಡಿ ಯಾರೂ ಮುಖ ಸಿಂಡರಿಸಬಾರದು."

ಆಮೇಲೆ ಗ್ಯಾಸ್ ಆಫ್ ಮಾಡಿದ್ದು ಯಾರು, ಸಿಲಿಂಡರಿನಲ್ಲೇ ಆಫ್ ಮಾಡಬೇಕು ಎಂದು ಎಷ್ಟು ಸಲ ಹೇಳಬೇಕು ಎಂದು ನನ್ನನ್ನು ಗದರಿದರು. ನನ್ನ ಗಂಡ ತಟ್ಟೆ ನೋಡುತ್ತ ಕೂತಿದ್ದ. ನನಗೆ ಅಳು ಬಂತು. ಅಳುವುದು ಬಿಟ್ಟು ಜಂಬ ಕೊಚ್ಚಿದೆ. ನೀವು ಯೋಚನೆ ಮಾಡಬೇಡಿ, ನಿಮ್ಮ ಮಾತುಗಳನ್ನು ನಿಮ್ಮದೇ ಧ್ವನಿಯಲ್ಲಿ ಹಿಡಿದಿಟ್ಟು, ಗುಂಡಿ ಒತ್ತಿದರೆ ಹೇಳುವಂಥ ಪೆಟ್ಟಿಗೆಯೊಂದನ್ನು ನಾನು ಮಾಡಿಕೊಡುತ್ತೇನೆ ಎಂದೆ. ಫೋನಿನಲ್ಲೇ ಇದನ್ನೆಲ್ಲ ಮಾಡಬಹುದು ಎಂದು ಗಂಡ ಮೆಲ್ಲಗೆ ಹೇಳಿದ. ಅವನ ಮಾತು ಸರಿಯಾಗಿತ್ತು. ಆದರೆ ಫೋನಿನಲ್ಲಿ ಮಾಡಿದರೆ ನನ್ನ ದೊಡ್ಡಸ್ತಿಕೆ ಎಲ್ಲಿ ಉಳಿಯಿತು? ಅಮ್ಮನಿಗೆ ಗಾಜಿನ ಪರದೆ ಉಜ್ಜುವುದು ಆಗಿಬರುವುದಿಲ್ಲ, ಒತ್ತಿದರೆ ಟಕ್ಕೆನ್ನುವ ಗುಂಡಿಯೇ ಬೇಕು ಎಂದು ವಾದಿಸಿ ಗೆದ್ದೆ.

ಕಾರ್ಖಾನೆಯಲ್ಲಿ ಬೋರ್ಡುಗಳಿಗೆ ಬಿಡಿಭಾಗ ಕೂರಿಸುವ ಒಬ್ಬನಿದ್ದಾನೆ. ಅವನನ್ನು ಎಲ್ಲರೂ ಬೆಸುಗೆ ಎಂದೇ ಕರೆಯುತ್ತಾರೆ. ತಟ್ಟೆ ಮುರಿದು ಮೂಲೆಗೆ ಬಿದ್ದಿದ್ದ ತೂಕದ ಯಂತ್ರವೊಂದನ್ನು ಯಜಮಾನರ ಒಪ್ಪಿಗೆ ಕೇಳಿ ತಂದು, ಅದಕ್ಕೊಂದು ಮೈಕು, ಒಂದು ಸ್ಪೀಕರು, ಒಂದು ಬ್ಯಾಟರಿ ಕೂರಿಸಿಕೊಟ್ಟ. ಗುಂಡಿಗಳು ಮಾತ್ರ ಹಳೆಯವೇ ಉಳಿದವು. ಅವುಗಳ ಮೇಲಿದ್ದ ಈರುಳ್ಳಿ, ಆಲೂಗಡ್ಡೆ, ಟೊಮೆಟೊ, ಕ್ಯಾರೆಟ್ಟುಗಳ ಚಿತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ವರ್ಷ ಮಾತಾಡಿ ಕೊನೆಗೆ ತರಕಾರಿ ಅಂಗಡಿ ಇಟ್ಟ ಹಾಗಾಯಿತು ಎಂದರು.

ಉಳಿದದ್ದು ನನ್ನ ಕೆಲಸ. ಇಲ್ಲಿ ಸ್ವಲ್ಪ ಪಾಠ ಕೇಳಬೇಕಾಗುತ್ತದೆ. ಫ್ಲ್ಯಾಶ್ ಮೆಮೊರಿ ಎಂದರೆ ಕರೆಂಟು ಹೋದರೂ ಬರೆದದ್ದನ್ನು ಉಳಿಸಿಕೊಳ್ಳುವ ಚಿಪ್. ಅದೊಂದು ಉದ್ದನೆಯ ಬೆಂಚು ಎಂದುಕೊಳ್ಳಿ. ಬೆಂಚಿನ ಮೇಲೆ ಯಾರ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಕರ್ನಲ್ಲಿಗೆ ತಾನಾಗಿ ಗೊತ್ತಾಗುವುದಿಲ್ಲ. ನಾವು ಒಂದು ಸಾಲಿನಲ್ಲಿ ಪಾಲು ಮಾಡಿ ಬರೆದುಕೊಡಬೇಕು. ಮೊದಲು ಯಂತ್ರವನ್ನು ಎಬ್ಬಿಸುವ ಪುಟ್ಟ ತಂತ್ರಾಂಶಕ್ಕೆ ಇಷ್ಟು, ಅದರ ಪಕ್ಕದಲ್ಲಿ ಕರ್ನಲ್ಲಿಗೆ ಇಷ್ಟು, ಅದರಾಚೆ ಉಳಿದ ಕಾರ್ಯಕ್ರಮಗಳಿಗೆ, ಅಂದರೆ ಪ್ರೋಗ್ರಾಮುಗಳಿಗೆ, ಇಷ್ಟು. ಗೋಡೆ, ಬಾಗಿಲು ಏನೂ ಇರುವುದಿಲ್ಲ. ಇರುವುದು ಆ ಸಾಲಿನ ಸಂಖ್ಯೆಗಳು ಮಾತ್ರ. ಕರ್ನಲ್ ಬೆಂಚಿನ ಒಂದು ತುದಿಯಿಂದ ಅಳೆಯುತ್ತಾ ಹೋಗುತ್ತದೆ. ಕೊನೆಯ ಪಾಲಿಗೆ ಸಂಖ್ಯೆ ಬರೆಯದೆ ಒಂದು ಅಡ್ಡಗೆರೆ ಎಳೆದರೂ ನಡೆಯುತ್ತದೆ. ಅಡ್ಡಗೆರೆ ಎಂದರೆ ಉಳಿದದ್ದೆಲ್ಲ ಎಂದರ್ಥ.

ಅತ್ತೆಯ ಧ್ವನಿಗೆ ನಾನು ಕೊಟ್ಟದ್ದು ಆ ಕೊನೆಯ ಪಾಲು. ಗಂಡ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, ಇದರಲ್ಲಿ ಅಮ್ಮನದು ಯಾವುದು ಎಂದು ಕೇಳಿದ. ಅಡ್ಡಗೆರೆ ತೋರಿಸಿದೆ. ಇಷ್ಟೇನಾ ಎಂದ. ನಾನು ಕುರ್ಚಿ ತಿರುಗಿಸಿ ಕೂತು ಉಪನ್ಯಾಸ ಕೊಟ್ಟೆ. ಸಂಖ್ಯೆ ಬರೆದರೆ ಅಷ್ಟಕ್ಕೇ ಮುಗಿಯಿತು, ಗೆರೆ ಎಳೆದರೆ ಮಿಕ್ಕದ್ದೆಲ್ಲ ಅವರದೇ, ಇದಕ್ಕಿಂತ ಧಾರಾಳ ಬೇರೆ ಇಲ್ಲ ಎಂದೆ. ಅವನ ಕಣ್ಣು ಒದ್ದೆಯಾಯಿತು. ಮುಂದೆ ಕೂತವರು ಸ್ವಲ್ಪ ಜರುಗಿದರೆ ಈ ಉಳಿದದ್ದೆಲ್ಲ ಎಂಬುದು ಚಕಾರವೆತ್ತದೆ ಕುಗ್ಗುತ್ತದೆ ಎಂಬುದನ್ನು ನಾನು ಹೇಳಲಿಲ್ಲ. ಮರೆಮಾಚಿದೆ ಎಂದಲ್ಲ, ಅದು ಹೊಳೆದಿದ್ದರೆ ತಾನೆ ಹೇಳುವುದು!

ಧ್ವನಿ ಹಿಡಿಯಲು ಕೂತೆವು. ಮೈಕು ಸರಿಯಿದೆಯೇ ನೋಡಬೇಕು, ಏನಾದರೂ ಮಾತಾಡಿ ಎಂದು ಅತ್ತೆಗೆ ಹೇಳಿದೆ. ಎದುರಿಗೆ ಕೂತಿದ್ದವಳು ನಾನು. ಹಾಗಾಗಿ ಅವರ ಬಾಯಲ್ಲಿ ಬಂದದ್ದೆಲ್ಲ ನನಗೆ ಸೇರಿದ ಮಾತೇ. ಎಷ್ಟು ಸಲ ಕರೆಯಬೇಕು, ಬಾ, ಆರಿಹೋಗುತ್ತಿದೆ. ಹಾಲು ಉಕ್ಕುತ್ತಿದೆ, ಎಲ್ಲಿದ್ದೀಯ ನೀನು. ತಲೆ ಒರೆಸಿಕೋ, ನೆಗಡಿಯಾದರೆ ನಾನು ನೋಡುವುದಿಲ್ಲ. ತಿಂದೆಯಾ, ಸುಳ್ಳು ಹೇಳಬೇಡ. ಆ ಕಂಪ್ಯೂಟರು ಮುಚ್ಚು, ಕಣ್ಣು ನೋಡು ಹೇಗಾಗಿದೆ. ಪರೀಕ್ಷೆಗೆಂದು ಹಿಡಿದ ಅವು ಎಷ್ಟು ಚೆನ್ನಾಗಿ ಬಂದಿದ್ದವೆಂದರೆ ಹಾಗೇ ಇಟ್ಟುಕೊಂಡೆವು. ಗುಂಡಿಗಳ ಮೊದಲ ಸಾಲು ಪೂರ್ತಿ ನನ್ನ ಬೈಗುಳ, ಈರುಳ್ಳಿಯಿಂದ ಬದನೆಕಾಯಿಯವರೆಗೆ. ಮಗನಿಗೆ, ಮಗಳಿಗೆ, ನೆರೆಯವರಿಗೆ, ಡಾಕ್ಟರಿಗೆ ಹೇಳುವ ಮಾತುಗಳು ಆಮೇಲಿನ ದಿನಗಳಲ್ಲಿ ಕೆಳಗಿನ ಸಾಲುಗಳಿಗೆ ಸೇರಿದವು. ನೋವಿದೆ, ನೀರು ಬೇಕು ಎಂಬಂಥ ಉಪಯೋಗದ ಮಾತುಗಳನ್ನು ಅತ್ತೆ ಕೊನೆಗೆ ತಳ್ಳಿದರು. ಅವನ್ನೆಲ್ಲ ಕೈಸನ್ನೆಯಲ್ಲಿ ಹೇಳಬಹುದು, ಬೈಯುವುದಕ್ಕೆ ಧ್ವನಿಯೇ ಬೇಕು ಎಂಬುದು ಅವರ ಅನುಭವ.

ಆಪರೇಷನ್ ಚೆನ್ನಾಗಿ ಆಯಿತು. ಅತ್ತೆ ಮನೆಗೆ ಬಂದರು. ಕುತ್ತಿಗೆಗೆ ತೆಳು ಬಟ್ಟೆ ಸುತ್ತಿಕೊಂಡು, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಅದು ಮಾತಾಡಿದಾಗಲೆಲ್ಲ ನನ್ನ ಗಂಡ ಪಕ್ಕದ ಕೋಣೆಗೆ ಹೋಗಿ ಕನ್ನಡಕ ಒರೆಸಿಕೊಂಡು ಬರುತ್ತಿದ್ದ. ನಾನು ಬೀಗುತ್ತಿದ್ದೆ.

ಒಂದೇ ತೊಂದರೆ ಇತ್ತು. ಬ್ಯಾಟರಿ ಉಳಿಸಲೆಂದು ಪೆಟ್ಟಿಗೆ ಆಗಾಗ ತಾನೇ ಆರಿಹೋಗುತ್ತಿತ್ತು. ಮತ್ತೆ ಎಚ್ಚರಗೊಳ್ಳಲು ಅದಕ್ಕೆ ಮುಕ್ಕಾಲು ನಿಮಿಷ ಬೇಕಿತ್ತು. ತರಕಾರಿ ಅಂಗಡಿಯವನು ಬೆಳಿಗ್ಗೆ ಒಮ್ಮೆ ಹಚ್ಚಿದರೆ ರಾತ್ರಿಯವರೆಗೆ ಆರಿಸುವುದಿಲ್ಲ, ಅಲ್ಲಿ ಅದು ನಡೆಯುತ್ತದೆ. ಅತ್ತೆಗೆ ನಡೆಯಲಿಲ್ಲ. ನಾನು ಒದ್ದೆ ತಲೆಯಲ್ಲಿ ನಡುಮನೆಗೆ ಕಾಲಿಡುತ್ತಿದ್ದೆ, ಅವರು ಗುಂಡಿ ಒತ್ತುತ್ತಿದ್ದರು, ನಾನು ಚೀಲ ಎತ್ತಿಕೊಂಡು ಹೊಸ್ತಿಲು ದಾಟಿದ ಮೇಲೆ ಪೆಟ್ಟಿಗೆ ತಲೆ ಒರೆಸಿಕೋ ಎನ್ನುತ್ತಿತ್ತು. ತಡವಾಗಿ ಬಂದ ಬೈಗುಳ ಬೈಗುಳವಲ್ಲ, ಅದು ವರದಿ. ಅತ್ತೆ ಸಿಟ್ಟಿನಿಂದ ಪೆಟ್ಟಿಗೆಯ ತಲೆಗೆ ಮೊಟಕುತ್ತಿದ್ದರು.

ಇದನ್ನು ಸರಿಮಾಡುವ ದಾರಿ ನನಗೆ ಗೊತ್ತಿತ್ತು. ಜಾಗ ಉಳಿಸಲು ಕರ್ನಲ್ಲನ್ನು ಹಿಂಡಿ ಗಂಟುಕಟ್ಟಿ ಇಟ್ಟಿರುತ್ತೇವೆ, ಪ್ರತಿ ಸಲವೂ ಗಂಟು ಬಿಚ್ಚಲು ಹೊತ್ತು ಹಿಡಿಯುತ್ತದೆ. ಬಿಚ್ಚಿಯೇ ಇಟ್ಟು, ಬೇಡದ್ದನ್ನು ಕಿತ್ತುಹಾಕಿದರೆ ಬೇಗ ಏಳುತ್ತದೆ. ಆದರೆ ಬಿಚ್ಚಿಟ್ಟ ಕರ್ನಲ್ಲಿಗೆ ಒಂದು ಮೆಗಾಬೈಟು ಹೆಚ್ಚು ಜಾಗ ಬೇಕು. ಪಕ್ಕದಲ್ಲಿ ಕಾರ್ಯಕ್ರಮಗಳ ಪಾಲಿನಲ್ಲಿ ಖಾಲಿ ಜಾಗ ಬೇಕಾದಷ್ಟಿತ್ತು. ಇವರಿಗೆ ಒಂದು ಕೂಡಿಸಿ ಅವರಿಂದ ಒಂದು ಕಳೆದರೆ ಮುಗಿಯಿತು. ಮಗ್ಗಿ ಕಲಿಯುವ ಮಕ್ಕಳೂ ಮಾಡುವ ಲೆಕ್ಕ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿಟ್ಟುಕೊಂಡು ಕೂತೆ. ಕರ್ನಲ್ಲಿನ ಪಾಲಿಗೆ ಒಂದು ಕೂಡಿಸಿದೆ. ಅಷ್ಟರಲ್ಲಿ ನಾದಿನಿ ಬಂದಳು. ಗಂಡನ ತಂಗಿ, ಬ್ಯಾಂಕಿನಲ್ಲಿ ಲೆಕ್ಕಪತ್ರ ತಪಾಸಣೆ ಮಾಡುವವಳು. ಇದೇನು ಅತ್ತಿಗೆ, ಅಮ್ಮನ ಗಂಟಲನ್ನು ಮತ್ತೆ ಕುಯ್ಯುತ್ತಿದ್ದೀರಾ ಎಂದು ತಮಾಷೆ ಮಾಡಿದಳು. ನಾನು ಅವಳಿಗೆ ಪಾಲು, ಬೆಂಚು, ಅಡ್ಡಗೆರೆ ಎಲ್ಲವನ್ನೂ ವಿವರಿಸಿದೆ. ಅವಳು ಆಸಕ್ತಿಯಿಂದ ಕೇಳಿದಳು, ಅದೇ ಮುಳುವಾಯಿತು. ನನ್ನ ಕೆಲಸವನ್ನು ಯಾರಾದರೂ ಕೊನೆಯವರೆಗೆ ಕೇಳಿದರೆ ನನಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಮಾತು ಮುಗಿಸಿ ತಿರುಗಿದವಳು, ಕಳೆಯುವ ಲೆಕ್ಕವನ್ನೂ ಮಾಡಿದ್ದೇನೆ ಎಂದುಕೊಂಡು ಮುಂದಿನ ಆಜ್ಞೆ ಕೊಟ್ಟುಬಿಟ್ಟೆ. ಕಾರ್ಯಕ್ರಮಗಳ ಪಾಲನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆ ಎಂಬುದು ಆ ಆಜ್ಞೆ.

ಆ ಪಾಲು ಈಗ ಒಂದು ಮೆಗಾಬೈಟು ಮುಂದಕ್ಕೆ ಜರುಗಿ ಅತ್ತೆಯ ಜಾಗದಲ್ಲಿ ಕಾಲು ಚಾಚಿತ್ತು. ಅತ್ತೆಯ ಪಾಲಿಗೆ ನಾನು ಸಂಖ್ಯೆಯೊಂದನ್ನು ಬರೆದಿದ್ದರೆ ಒಟ್ಟು ಮೊತ್ತ ಚಿಪ್ಪಿಗಿಂತ ದೊಡ್ಡದಾಗಿ ಕರ್ನಲ್ ಎಚ್ಚರಿಕೆ ಕೊಡುತ್ತಿತ್ತು. ಬರೆದದ್ದು ಅಡ್ಡಗೆರೆ. ಅದು ಜರುಗು ಎಂದರೆ ಜರುಗುತ್ತದೆ.

ಪೆಟ್ಟಿಗೆ ಮುಚ್ಚಿ ಹಚ್ಚಿದೆ. ಐದೆಣಿಸುವಷ್ಟರಲ್ಲಿ ಎದ್ದು ಕೂತಿತು. ಎಲ್ಲರನ್ನೂ ಕೂಗಿ ಕರೆದೆ. ಅತ್ತೆ ಬಂದು ಕೂತು ಮಗಳಿಗೆ ಸೇರಿದ ಗುಂಡಿ ಒತ್ತಿದರು. ಬರೋಕೆ ಮುಂಚೆ ಫೋನ್ ಮಾಡೋಕಾಗಲ್ವಾ ಎಂದು ಅವರ ಧ್ವನಿ ತಕ್ಷಣ ಕೇಳಿತು. ನಾದಿನಿ ಚಪ್ಪಾಳೆ ತಟ್ಟಿದಳು. ಮಗನ ಗುಂಡಿಯೂ ಮಾತಾಡಿತು. ಅತ್ತೆಯ ಮುಖ ಅರಳಿತು. ನನ್ನ ಕಡೆ ತಿರುಗಿ, ಹುಬ್ಬು ಹಾರಿಸಿ, ಈರುಳ್ಳಿ ಒತ್ತಿದರು.

ಟಕ್ ಎಂದಿತು, ಅಷ್ಟೇ. ಆಲೂಗಡ್ಡೆ ಒತ್ತಿದರು. ಟೊಮೆಟೊ ಒತ್ತಿದರು. ಬದನೆಕಾಯಿಯವರೆಗೆ ಒತ್ತುತ್ತಾ ಹೋದರು. ಪಾಲುಗಳನ್ನು ಬರೆದಿದ್ದ ಸಾಲನ್ನು ತೆರೆದು ನೋಡಿದೆ. ಕೂಡಿಸಿದ್ದು ಇತ್ತು, ಕಳೆದದ್ದು ಇರಲಿಲ್ಲ. ಮೊದಲು ಹಿಡಿದ ಮಾತುಗಳು ಅತ್ತೆಯ ಪಾಲಿನ ಶುರುವಿನಲ್ಲೇ ಕೂತಿದ್ದವು. ಅಳಿಸಿಹೋದದ್ದು ಆ ಶುರುವೇ.

ನಾದಿನಿ ತಪಾಸಣೆ ಮಾಡುವವಳು ಎಂದೆನಲ್ಲ. ಅವಳು ದನಿ ಏರಿಸಲಿಲ್ಲ. ಯಾವುದು ಎಲ್ಲಿರಬೇಕು ಎಂದು ಬರೆದದ್ದು ಯಾರು ಎಂದು ಕೇಳಿದಳು. ನಾನು ಎಂದೆ. ಅಳಿಸು ಎಂದದ್ದು ಯಾರು ಎಂದು ಕೇಳಿದಳು. ಅದೂ ನಾನೇ ಎಂದೆ.

"ಅಂದ್ರೆ, ಅಮ್ಮ ಎಲ್ಲರಿಗೂ ಹೇಳಿದ ಮಾತು ಹಾಗೇ ಇದೆ. ನಿಮಗೆ ಬೈದಿದ್ದು ಮಾತ್ರ ಹುಡುಕಿ ಹುಡುಕಿ ಅಳಿಸಿದ ಹಾಗೆ ಹೋಗಿದೆ. ಅಲ್ವಾ ಅತ್ತಿಗೆ?"

ನಾನು ಮತ್ತೆ ಬೆಂಚು, ಜರುಗುವುದು, ಒಂದು ಮೆಗಾಬೈಟು ಎಂದು ಶುರುಮಾಡಿದೆ. ಮಾತು ಉದ್ದವಾದಷ್ಟೂ ನಾನು ಕಳ್ಳಿಯಂತೆ ಕಾಣುತ್ತಿದ್ದೆ. ಗಂಡ ನಡುವೆ ಬಾಯಿ ಹಾಕಿ, ಬೇರೆ ಕಡೆ ಒಂದು ಪ್ರತಿ ಇರಬೇಕಲ್ಲ ಎಂದ. ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುವ ಮೊದಲ ಮಾತೇ ಪ್ರತಿ ತೆಗೆದಿಡಿ ಎಂಬುದು. ಹೇಳಿ ಹೇಳಿ ನನ್ನ ಮಟ್ಟಿಗೆ ಅದು ಮಾಡಿದಷ್ಟೇ ಆಗಿಬಿಟ್ಟಿತ್ತು. ಮೈಕಿನಿಂದ ನೇರವಾಗಿ ಪೆಟ್ಟಿಗೆಗೆ ಹಿಡಿದಿದ್ದೆ. ಬೇರೆಲ್ಲೂ ಇರಲಿಲ್ಲ. ಅತ್ತೆ ಯಾರ ಮುಖವನ್ನೂ ನೋಡದೆ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪೆಟ್ಟಿಗೆಯನ್ನು ಮೇಜಿನ ಮೇಲೆಯೇ ಬಿಟ್ಟುಹೋದರು.

ಮಾರನೆಯ ದಿನ ಬೆಸುಗೆ ಚಿಪ್ಪನ್ನು ಯಂತ್ರಕ್ಕೆ ಸಿಕ್ಕಿಸಿ ಓದಿ ನೋಡಿದ. ಅಳಿಸಿದ ಫ್ಲ್ಯಾಶಿನಲ್ಲಿ ಸೊನ್ನೆ ಇರುವುದಿಲ್ಲ, ಎಲ್ಲವೂ ಒಂದು, ಒಂದು, ಒಂದು. ಪರದೆಯ ತುಂಬ ಅದೇ ಇಳಿಯುತ್ತಾ ಹೋಯಿತು. ಅವನು ಬಹಳ ಹೊತ್ತು ಇಳಿಸಿದ, ಎಲ್ಲಾದರೂ ಒಂದು ಚೂರು ಸಿಕ್ಕೀತು ಎಂದು. ನಂತರ ನನಗೊಂದು ಲೋಟ ನೀರು ತಂದುಕೊಟ್ಟು ಹೊರಗೆ ಹೋದ. ತೂಕದ ಕಲ್ಲುಗಳನ್ನು ಜೋಡಿಸಿಟ್ಟ ಪರೀಕ್ಷೆಯ ಕೋಣೆಯಲ್ಲಿ ಕೂತು ನಾನು ಬಿಕ್ಕಿ ಬಿಕ್ಕಿ ಅತ್ತೆ. ನನ್ನನ್ನು ಬೈಯಲಿಕ್ಕೆ ಲೋಕದಲ್ಲಿ ಇದ್ದ ಒಂದು ಧ್ವನಿಯನ್ನು ನಾನೇ ಅಳಿಸಿಕೊಂಡು, ಯಾರಾದರೂ ಬೈದರೆ ಸಾಕಪ್ಪಾ ಎಂದು ಕೂತಿದ್ದೆ. ಉಳಿದ ಮಾತುಗಳನ್ನು ನಾಲ್ಕು ಕಡೆ ಪ್ರತಿ ತೆಗೆದಿಟ್ಟೆ. ಬುದ್ಧಿ ಬಂತು, ಮೆರವಣಿಗೆ ಮುಗಿದ ಮೇಲೆ ಕಹಳೆ ಹಿಡಿದು ಬಂದವನ ಹಾಗೆ.

ಮನೆಗೆ ಹೋಗಿ ಅತ್ತೆಯ ಮುಂದೆ ನಿಂತು, ಸಿಗಲಿಲ್ಲ ಅಮ್ಮ, ಇನ್ನು ಸಿಗುವುದಿಲ್ಲ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಜ್ವರ ಬಂದ ರೋಗಿಯನ್ನು ನೋಡುವ ಹಾಗೆ. ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. ಖಾಲಿಯಾದ ಮೊದಲ ಸಾಲನ್ನು ತೋರಿಸಿದರು, ಆಮೇಲೆ ನನ್ನ ಬಾಯಿಯನ್ನು ತೋರಿಸಿದರು.

ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅವರ ಧ್ವನಿ ಇಲ್ಲ ಎಂದರೆ ಬೈಗುಳ ಇರಬಾರದು ಎಂದೇನೂ ಇಲ್ಲ, ನೀನೇ ಹೇಳು ಎನ್ನುತ್ತಿದ್ದರು. ಏನೇನು ಹೇಳಬೇಕೆಂದು ಬರೆದುಕೊಡಲು ಫೋನು ಎತ್ತಿಕೊಂಡರು. ಬರೆಯುವುದು ಬೇಡ, ನನಗೆ ಬಾಯಿಪಾಠ ಬರುತ್ತದೆ ಎಂದೆ. ಅವರು ನನ್ನನ್ನೇ ನೋಡುತ್ತಾ ಫೋನು ಕೆಳಗಿಟ್ಟರು.

ನನ್ನನ್ನು ನಾನೇ ಬೈದುಕೊಳ್ಳುವುದು ಅಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಹಾಲು ಉಕ್ತಿದೆ ಎಂದು ನಾನು ಹೇಳಿದರೆ ಹವಾಮಾನ ವರದಿ ಓದಿದಂತಿತ್ತು. ಅತ್ತೆ ಕೈ ಬೀಸಿ ಮತ್ತೊಮ್ಮೆ ಎಂದರು. ಎಲ್ಲಿ ತಡೆಯಬೇಕು, ಎಲ್ಲಿ ಎಳೆಯಬೇಕು ಎಂದು ಬೆರಳಿನಲ್ಲಿ ಗೆರೆ ಎಳೆದು ತೋರಿಸಿದರು. ಸುಳ್ಳು ಹೇಳಬೇಡ ಎಂಬಲ್ಲಿ ನಾನು ಗದರಿದೆ, ಅವರು ತಲೆ ಅಡ್ಡಡ್ಡ ಆಡಿಸಿದರು. ಅದು ಗದರುವ ಮಾತಲ್ಲ ಎಂದು ಅವರ ಕಣ್ಣು ನೋಡಿದಾಗ ತಿಳಿಯಿತು. ಇಷ್ಟು ವರ್ಷ ಕೇಳಿಸಿಕೊಂಡೂ ಕೇಳಿಸಿಕೊಂಡಿರಲಿಲ್ಲ. ತಮ್ಮ ಅಂಗೈಯನ್ನು ನನ್ನ ಹೊಟ್ಟೆಯ ಮೇಲಿಟ್ಟು, ಗಂಟಲಿನಿಂದಲ್ಲ, ಇಲ್ಲಿಂದ ಎಂದು ಒತ್ತಿದರು. ನಾವಿಬ್ಬರೂ ಅಷ್ಟು ಹತ್ತಿರ ಕೂತದ್ದು ಅದೇ ಮೊದಲು.

ಕೊನೆಗೆ ಈರುಳ್ಳಿಯ ಮಾತು ಉಳಿಯಿತು. ಕಂಪ್ಯೂಟರಿನ ಮುಂದೆ ಮೈಮರೆತು ಕೂತವಳನ್ನು ಊಟಕ್ಕೆ ಎಬ್ಬಿಸುವ ಮಾತು. ಅತ್ತೆಯ ಕೈ ಇನ್ನೂ ನನ್ನ ಹೊಟ್ಟೆಯ ಮೇಲೆಯೇ ಇತ್ತು. ಕಣ್ಣು ಮುಚ್ಚಿಕೊಂಡೆ. ವಾರ್ಡಿನ ಆ ತುದಿಗೆ ಕೇಳಿಸುವ ಹಾಗೆ ಹೇಳಿದೆ.

"ಎಷ್ಟು ಸಲ ಕರೀಬೇಕು? ಬಾ, ಆರಿಹೋಗ್ತಿದೆ."

"ಬಂದೆ ಅಮ್ಮಾ."

ಗಂಡ ಅರ್ಧ ಕ್ಷೌರ ಮಾಡಿದ ಮುಖದಲ್ಲಿ, ಒಂದು ಕೆನ್ನೆಯ ನೊರೆ ಹಾಗೇ ಇರುವಾಗಲೇ ಬಾಗಿಲಿಗೆ ಓಡಿಬಂದಿದ್ದ. ನಮ್ಮಿಬ್ಬರನ್ನೂ ನೋಡಿ ಅಲ್ಲೇ ನಿಂತ. ಅತ್ತೆಯ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಶಬ್ದವಿಲ್ಲದೆ ತಿಳಿಯಲಿಲ್ಲ.

ಮತ್ತೆ ಹಾಕಿ ಕೇಳಿದರೆ ಅವನ ಬಂದೆ ಅಮ್ಮಾ ಎಂಬುದೂ ಕೊನೆಯಲ್ಲಿ ಸೇರಿಕೊಂಡಿತ್ತು. ಕತ್ತರಿಸಲೇ ಎಂದು ಕೇಳಿದೆ. ಅತ್ತೆ ಬೇಡ ಎಂದು ಪೆಟ್ಟಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು. ಈಗ ಅವರು ಆ ಗುಂಡಿ ಒತ್ತಿದರೆ ನನ್ನ ಗಂಟಲು ನನ್ನನ್ನು ಗದರುತ್ತದೆ, ಅವರ ಮಗ ಬಂದೆ ಎನ್ನುತ್ತಾನೆ, ಎದ್ದು ಹೋಗುವುದು ನಾನು.